ಅಬೂ ಸಖರ್ ಹಾಕಿದ ಆಣೆ

ಅಬೂ ಸಖರ್ ಸಿಗರೇಟು ಬಿಟ್ಟ ಸುದ್ದಿ ಕರಕ್ ಊರಿನ ಓಣಿಗಳಲ್ಲಿ ಹಬ್ಬಿದ ರೀತಿ ನೋಡಿದವರಿಗೆ, ಆತ ಹಜ್ ಮುಗಿಸಿ ಬಂದನೋ ಚುನಾವಣೆ ಗೆದ್ದನೋ ಎಂಬ ಅನುಮಾನ ಬರಬೇಕಿತ್ತು. ಒಂದೇ ವಾರದಲ್ಲಿ ಅವನ ಮನೆಗೆ ಏಳು ತಟ್ಟೆ ಕುನಾಫಾ ಸಿಹಿ ಬಂತು. ದೊಡ್ಡಪ್ಪನ ಮಕ್ಕಳು ಬಂದರು, ಸೈನ್ಯದಲ್ಲಿ ಜೊತೆಗಿದ್ದವರು ಬಂದರು, ಎರಡು ವರ್ಷದಿಂದ ಮಾತು ಬಿಟ್ಟಿದ್ದ ಷಡ್ಡಕನೂ ಬಂದ. ಬಂದವರೆಲ್ಲ ಅವನ ಬೆನ್ನು ತಟ್ಟಿ, "ಸಿಂಹ ಕಣಯ್ಯ ನೀನು" ಎಂದರು. ಸಿಂಹ ಸೋಫಾದ ಮೇಲೆ ಕಾಲು ಚಾಚಿ ಕೂತು, ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆಯನ್ನು ನೆಲಕ್ಕೆ ಉಗುಳುತ್ತಿತ್ತು.

ಆ ಸಿಪ್ಪೆ ಗುಡಿಸುತ್ತಿದ್ದವಳು ಅವನ ಹೆಂಡತಿ ತಮಾಮ್. ಅವಳೂ ಅದೇ ದಿನ, ಅದೇ ಹೊತ್ತಿಗೆ ಸಿಗರೇಟು ಬಿಟ್ಟಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಅವಳು ಸೇದುತ್ತಿದ್ದಳು ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಹದಿನೈದು ವರ್ಷದಿಂದ ತಮಾಮ್ ಸಂಜೆಯ ಅಸರ್ ನಮಾಜು ಮುಗಿಸಿ ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆ ಹತ್ತುತ್ತಿದ್ದಳು. ಅಲ್ಲಿ ನೀರಿನ ಟ್ಯಾಂಕಿನ ಹಿಂದೆ ಬಕೆಟ್ ಬೋರಲು ಹಾಕಿ ಕೂತು ಒಂದು ಸೇದುತ್ತಿದ್ದಳು. ಶಾಲೆಯಲ್ಲಿ ದಿನ ಕೆಟ್ಟಿದ್ದರೆ ಎರಡು. ಕೊಳ್ಳಲು ಅವಳು ಯಾವ ಅಂಗಡಿಗೂ ಹೋದವಳಲ್ಲ. ನಾಲ್ಕನೇ ತರಗತಿಯ ಮೇಡಂ ಅಂಗಡಿ ಮುಂದೆ ನಿಂತು ಸಿಗರೇಟು ಕೇಳಿದರೆ ಆ ಮಾತು ಅವಳಿಗಿಂತ ಮೊದಲು ಮನೆ ತಲುಪುತ್ತದೆ. ಗಂಡನ ಪೊಟ್ಟಣದಿಂದಲೇ ತೆಗೆಯುತ್ತಿದ್ದಳು. ದಿನಕ್ಕೆ ಮೂರು ಪೊಟ್ಟಣ ಸುಡುವ ಮನುಷ್ಯನಿಗೆ ಒಂದೆರಡು ಹೋದದ್ದು ಗೊತ್ತಾಗುವುದಾದರೂ ಹೇಗೆ? ಸೇದಿದ ಮೇಲೆ ಲವಂಗ ಜಗಿದು, ಕೈಗೆ ನಿಂಬೆಸಿಪ್ಪೆ ಉಜ್ಜಿ ಕೆಳಗಿಳಿಯುತ್ತಿದ್ದಳು. ಮನೆಯಲ್ಲೇ ಹೊಗೆಯ ವಾಸನೆ ತುಂಬಿರುವಾಗ ಹೆಂಡತಿಯ ಮೈಯ ವಾಸನೆಯನ್ನು ಯಾರು ಬೇರ್ಪಡಿಸಿ ನೋಡುತ್ತಾರೆ? ನಮ್ಮಲ್ಲಿ ಗಂಡಸು ಸೇದಿದರೆ ಚಟ, ಹೆಂಗಸು ಸೇದಿದರೆ ನಡತೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ.

ಬಿಡುವ ಮಾತು ಬಂದದ್ದು ಅಬೂ ಸಖರ್‌ನ ಎದೆನೋವಿನಿಂದ. ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು, ಇನ್ನೊಂದು ಸೇದಿದರೆ ಮುಂದಿನ ಸಲ ನಿನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತರುತ್ತಾರೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆತ ಒಪ್ಪಿದ. ಒಪ್ಪುವುದು ಸುಲಭ, ನಮ್ಮ ಊರಿನಲ್ಲಿ ಬದುಕುವುದು ಕಷ್ಟ. ಶುಕ್ರವಾರ ನಮಾಜಿನ ನಂತರ ವಂಶದ ಗಂಡಸರೆಲ್ಲ ಸೇರುವ ದೊಡ್ಡ ಹಜಾರದಲ್ಲಿ ಮೊದಲು ಕಹಿಕಾಫಿ ಬರುತ್ತದೆ, ಹಿಂದೆಯೇ ಸಿಗರೇಟಿನ ತಟ್ಟೆ ಬರುತ್ತದೆ. ತಟ್ಟೆಯನ್ನು ದೂಡಿದರೆ ಕೊಟ್ಟವನನ್ನೇ ದೂಡಿದಂತೆ. ಅಬೂ ಸಖರ್ ಬೇಡವೆಂದ. "ನನ್ನ ಮುಖ ನೋಡಿ ಒಂದೇ ಒಂದು" ಎಂದು ದೊಡ್ಡಪ್ಪನ ಮಗ ಅಬೂ ತಲಾಲ್ ತನ್ನ ಪೊಟ್ಟಣ ಚಾಚಿದ. ಇನ್ನೊಬ್ಬ ತನ್ನದನ್ನು ಚಾಚಿದ. ನಾಳೆ ಇವರೆಲ್ಲ ಮನೆಗೂ ಬರುತ್ತಾರೆ, ತನ್ನ ಮುಂದೆಯೇ ಕೂತು ಹೊಗೆ ಬಿಡುತ್ತಾರೆ. ಅತಿಥಿಗೆ ಸೇದಬೇಡ ಎನ್ನುವ ನಾಲಿಗೆ ಕರಕ್‌ನಲ್ಲಿ ಇನ್ನೂ ಹುಟ್ಟಿಲ್ಲ. ಅಬೂ ಸಖರ್ ಎದ್ದು ನಿಂತು, ನಮ್ಮ ಗಂಡಸರು ದಿಕ್ಕು ತೋಚದಾಗ ಏನು ಮಾಡುತ್ತಾರೋ ಅದನ್ನೇ ಮಾಡಿದ.

"ಇವತ್ತಿಂದ ನನ್ನ ಬಾಯಲ್ಲಾಗ್ಲಿ, ನನ್ನ ಮನೆಯೊಳಗೆ ಯಾರ ಬಾಯಲ್ಲಾಗ್ಲಿ ಒಂದು ಸಿಗರೇಟು ಹೊತ್ತಿದ್ರೂ ನನ್ನ ಮೇಲೆ ಮೂರು ತಲಾಖ್ ಆಣೆ" ಎಂದ.

ಹಜಾರದಲ್ಲಿ ಪೊಟ್ಟಣಗಳೆಲ್ಲ ಜೇಬು ಸೇರಿದವು. ಒಬ್ಬನ ಸಂಸಾರ ಮುರಿಯುವ ಪಾಪವನ್ನು ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ? ಹೀಗೆ ಅತಿಥಿಯ ಮನಸ್ಸು ನೋಯದಿರಲಿ ಎಂದು ಆತ ಹೆಂಡತಿಯನ್ನು ಅಡ ಇಟ್ಟು ಬಂದ. ಬಂದವನೇ ಮಧ್ಯಾಹ್ನದ ಊಟಕ್ಕೆ, ಕುರಿಮಾಂಸದ ಮನ್ಸಫ್ ಅನ್ನದ ಮುಂದೆ ಕೂತು ತನ್ನ ಜಾಣತನವನ್ನು ಹೆಂಡತಿಗೆ ಹೇಳಿದ.

"ಹೆಂಗಿದೆ ಉಪಾಯ? ಒಬ್ಬನೂ ಉಸಿರೆತ್ತಲಿಲ್ಲ" ಎಂದ.

ತಮಾಮ್ ಎತ್ತಿದ್ದ ಅನ್ನದ ಉಂಡೆಯನ್ನು ತಟ್ಟೆಗೇ ಹಾಕಿದಳು. ಮಾಳಿಗೆಯೂ ಮನೆಯೇ ತಾನೆ? ಟ್ಯಾಂಕಿನ ಹಿಂಭಾಗ ಯಾರ ಮನೆಗೆ ಸೇರಿದ್ದು? ಇಂಥ ಆಣೆ ಮುರಿದರೆ ಮುಫ್ತಿಗಳ ಬಳಿ ಹೋಗಿ ಹತ್ತು ಬಡವರಿಗೆ ಉಣ್ಣಿಸಿ ಬಿಡಿಸಿಕೊಳ್ಳಬಹುದು ಎನ್ನುವವರಿದ್ದಾರೆ. ಆದರೆ ಏನಾಯಿತಮ್ಮ ಎಂದು ಮುಫ್ತಿ ಕೇಳುತ್ತಾರಲ್ಲ, ಆಗ ಹೇಳುವುದೇನು? ಅವಳು ಸೇದಿದರೆ ಮೂವತ್ತು ವರ್ಷದ ಸಂಸಾರ ಹೋಯಿತು. ಸೇದುತ್ತಿದ್ದೆ ಎಂದು ಬಾಯಿಬಿಟ್ಟರೆ ಮಾನ ಹೋಯಿತು. ಉಳಿದದ್ದು ಒಂದೇ ದಾರಿ, ಸದ್ದಿಲ್ಲದೆ ಬಿಡುವುದು. ಬಿಡಬೇಕೆಂದು ಅವಳಿಗೂ ಎಷ್ಟೋ ದಿನದಿಂದ ಇತ್ತು. ಬೆಳಗಿನ ಕೆಮ್ಮಿಗೆ ಅವಳೇ ಹೆದರಿದ್ದಳು. ಹೇಗೂ ಮನೆಯಲ್ಲಿ ಇನ್ನೊಬ್ಬರು ಬಿಡುತ್ತಿದ್ದಾರೆ, ಜೊತೆಯಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಜೊತೆ ಎಂಥದೆಂಬುದು ಮರುದಿನವೇ ತಿಳಿಯಿತು.

ಸಿಗರೇಟು ಬಿಟ್ಟವನಿಗೆ ಸಿಡುಕು ಬರುವುದು ಸಹಜ ಎಂದು ಚಟ ಬಿಡಿಸುವ ಚಿಕಿತ್ಸಾಲಯದವರು ಹೇಳಿ ಕಳಿಸಿದ್ದರು. ಅಬೂ ಸಖರ್ ಅದನ್ನು ಸರ್ಕಾರಿ ಆದೇಶ ಎಂದೇ ತಿಳಿದ. ಚಹಾಕ್ಕೆ ಪುದೀನ ಹೆಚ್ಚಾಯಿತೆಂದು ಲೋಟ ದೂಡಿದ. ಮೊಸರು ಹುಳಿಯೆಂದು ತಟ್ಟೆ ಎತ್ತಿ ಹಾಕಿದ. ಬಾಗಿಲು ಕಿರ್ ಎಂದರೆ ಬೈದ, ಎಣ್ಣೆ ಹಾಕಿದರೆ ಎಣ್ಣೆ ವಾಸನೆಗೆ ಬೈದ. ಅವಳು ಮುಖ ಗಂಟಿಕ್ಕಿದರೆ ಅತ್ತೆ ಹಜ್ಜಾ ನೂಫಾ ಹಾಸಿಗೆಯಿಂದಲೇ ಕೂಗುತ್ತಿದ್ದಳು:

"ಸಹಿಸ್ಕೋ ಮಗಳೇ. ಗಂಡಸು ಜೀವದ ಜೊತೆ ಹೋರಾಡ್ತಿದ್ದಾನೆ. ನಗ್ತಾ ಮಾತಾಡ್ಸು ಅವನನ್ನ."

ನಗುತ್ತಾ! ಅವಳ ತಲೆಯನ್ನು ಒಳಗಿನಿಂದ ಯಾರೋ ಕೆರೆಯುತ್ತಿದ್ದರು. ಕೈ ತಾನಾಗಿಯೇ ತುಟಿಗೆ ಹೋಗುತ್ತಿತ್ತು. ಅಸರ್ ಬಾಂಗ್ ಕೇಳಿದರೆ ಬಾಯಲ್ಲಿ ನೀರೂರುತ್ತಿತ್ತು. ದೇವರು ಕ್ಷಮಿಸಲಿ, ಬಾಂಗ್ ಕೇಳಿ ಸಿಗರೇಟು ನೆನಪಾಗುವ ಹೆಂಗಸು ತಾನೊಬ್ಬಳೇ ಇರಬೇಕು ಎಂದುಕೊಳ್ಳುತ್ತಿದ್ದಳು. ಲವಂಗ ಜಗಿದು ಜಗಿದು ನಾಲಿಗೆ ಮರಗಟ್ಟಿತು. ಮೈ ಪರಚಿಕೊಳ್ಳುವಂತಾದರೂ ಅವಳು ನಗಬೇಕು, ಚಹಾ ತರಬೇಕು, ಸಿಪ್ಪೆ ಗುಡಿಸಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ ಎನ್ನುತ್ತಾರೆ. ಇಲ್ಲಿ ಎಮ್ಮೆಗೂ ಜ್ವರ ಬಂದಿತ್ತು, ನೋಡುವವರಿರಲಿಲ್ಲ.

ಪಕ್ಕದ ಮನೆಯ ಉಮ್ ರಾಕಾನ್ ಎಂಟನೇ ತಟ್ಟೆ ತಂದಳು. ಅವಳ ಮಾಳಿಗೆಗೂ ಇವರ ಮಾಳಿಗೆಗೂ ಒಂದೇ ಗೋಡೆ, ಬಾಯಿಯಂತೂ ಇಡೀ ಓಣಿಗೆ ಒಂದೇ.

"ಪುಣ್ಯವಂತೆ ಬಿಡು ನೀನು. ನಮ್ಮನೆಯವ್ರಿಗೂ ನಿಮ್ಮವರ ಹಾಗೆ ಒಂದಿಷ್ಟು ಗಟ್ಟಿ ಮನಸ್ಸು ಕೊಡಬಾರದಿತ್ತಾ ದೇವರು?" ಎಂದಳು. "ನಿಂಗೇನು ಬಿಡು, ಕೂತಲ್ಲೇ ಆರಾಮ. ಹೊಗೆ ಇಲ್ಲ, ಬೂದಿ ಇಲ್ಲ."

ತಮಾಮ್ ಕೈಲಿದ್ದ ಪೊರಕೆಯನ್ನೊಮ್ಮೆ ನೋಡಿದಳು, ಉಮ್ ರಾಕಾನ್‌ಳ ತಲೆಯನ್ನೊಮ್ಮೆ ನೋಡಿದಳು. "ಹೌದು, ಬಹಳ ಆರಾಮ" ಎಂದಳು.

ಶಾಲೆಯಲ್ಲೂ ಅದೇ ಕಥೆ. ಮಗ್ಗಿ ತಪ್ಪಿದ ಹುಡುಗಿಯ ಮೇಲೆ ತಮಾಮ್ ಎಷ್ಟು ಜೋರಾಗಿ ಕಿರುಚಿದಳೆಂದರೆ ಪಕ್ಕದ ತರಗತಿ ಎದ್ದು ನಿಂತಿತು. ಮುಖ್ಯೋಪಾಧ್ಯಾಯಿನಿ ಒಳಗೆ ಕರೆದು, ಬಾಗಿಲು ಹಾಕಿ, ಮೆತ್ತಗೆ ಕೇಳಿದಳು: "ಮುಟ್ಟು ನಿಲ್ತಿದೆಯಾ ತಂಗಿ? ಆ ಹೊತ್ತಲ್ಲಿ ಹೀಗೇ ಆಗೋದು. ಎಳ್ಳು ತಿನ್ನು." ಅಮ್ಮಾನ್‌ನಲ್ಲಿರುವ ತಂಗಿಗೆ ಫೋನ್ ಮಾಡಿ ಮನಸ್ಸು ಸರಿಯಿಲ್ಲ ಎಂದರೆ, ತಂಗಿ ಕಣ್ಣುದೃಷ್ಟಿ ಎಂದಳು, ಉಪ್ಪು ನಿವಾಳಿಸು ಎಂದಳು. ಕಾಯಿಲೆಗೆ ಮದ್ದು ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ, ಕಾಯಿಲೆ ಯಾವುದೆಂದು ಕೇಳುವವರಿಗೆ ಮಾತ್ರ ಬರ.

ಕೊನೆಗೆ ಅವಳು ಚಿಕಿತ್ಸಾಲಯದವರು ಗಂಡನಿಗೆ ಕೊಟ್ಟಿದ್ದ ಕರಪತ್ರದ ಹಿಂದಿದ್ದ ಸಹಾಯವಾಣಿಗೆ ಫೋನ್ ಮಾಡಿದಳು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಪಿಸುಮಾತಿನಲ್ಲಿ. ಆ ಕಡೆ ಒಬ್ಬ ಯುವಕ, ಜೇನಿನಂಥ ದನಿ.

"ಧೂಮಪಾನ ಬಿಡೋರಿಗೆ ನಾವಿದ್ದೀವಿ. ಯಜಮಾನ್ರಿಗಾಗಿ ಫೋನ್ ಮಾಡಿದ್ದಾ ಅಮ್ಮ?"

"ಅಲ್ಲ... ಒಬ್ರು ಪರಿಚಯದವ್ರು."

"ಹೆಂಗಸರ ಪಾತ್ರ ಬಹಳ ದೊಡ್ಡದು ಅಮ್ಮ. ಅವರು ಸಿಡುಕಿದ್ರೆ ನೀವು ಸಿಡುಕಬಾರ್ದು. ಇಷ್ಟದ ಅಡುಗೆ ಮಾಡಿ ಹಾಕಿ. ದಿನಕ್ಕೊಂದು ಸಲ ಆದ್ರೂ ಶಭಾಷ್ ಅನ್ನಿ. ಆ ಒಂದು ಮಾತು ಔಷಧಿಗಿಂತ ಹೆಚ್ಚು."

"ಹೆಂಗಸೇ ಬಿಡ್ತಿದ್ರೆ?"

"ಅಂಥೋರೂ ಇದ್ದಾರಾ ಅಮ್ಮ ನಿಮ್ ಕಡೆ?" ಎಂದ ಯುವಕ. ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, ಬರೀ ಕುತೂಹಲವಿತ್ತು. ತಮಾಮ್ ಫೋನ್ ಇಟ್ಟು, ನಲ್ಲಿ ನಿಲ್ಲಿಸಿ, ಒದ್ದೆ ನೆಲದ ಮೇಲೇ ಕೂತು ಅತ್ತಳು. ಸಿಟ್ಟಿನ ಅಳು. ಜಗತ್ತಿನಲ್ಲಿ ಒಬ್ಬರು, ಒಂದೇ ಒಂದು ಸಲ, ಅವಳಿಗೆ ಶಭಾಷ್ ಎಂದಿದ್ದರೆ ಸಾಕಿತ್ತು. ಹೊರಗಿನಿಂದ ಅಬೂ ಸಖರ್ ಬಾಗಿಲು ಬಡಿದ.

"ಒಳಗೇ ಮನೆ ಮಾಡ್ಕೊಂಡ್ಯಾ? ನಂಗೆ ತಲೆ ಸಿಡೀತಿದೆ, ಕಾಫಿ ಎಲ್ಲಿ?"

ಇನ್ನು ಚಿಕಿತ್ಸಾಲಯದವರು ಕೊಟ್ಟ ಗಮ್ಮಿನ ವಿಷಯ. ಸಿಗರೇಟಿನ ಬದಲಿಗೆ ಜಗಿಯಲೆಂದು ಅಬೂ ಸಖರ್‌ಗೆ ಪೊಟ್ಟಣಗಟ್ಟಲೆ ಕೊಟ್ಟಿದ್ದರು. ತಮಾಮ್ ಅದನ್ನೂ ಕದ್ದಳು. ಕಳ್ಳಿಯಾಗಿ ಹದಿನೈದು ವರ್ಷ ನುರಿತ ಕೈ. ಆದರೆ ಸಿಗರೇಟು ಎಣಿಸದ ಮನುಷ್ಯ ಗಮ್ಮು ಎಣಿಸುತ್ತಿದ್ದ. ಬಿಟ್ಟವರ ಲೆಕ್ಕವೇ ಬೇರೆ.

"ನನ್ ಗಮ್ಮು ಯಾರು ತಿಂತಿರೋದು ಈ ಮನೇಲಿ?" ಎಂದು ಒಂದು ದಿನ ಊಟದ ಹೊತ್ತಿಗೆ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಮಾಮ್‌ಳ ಕೈ ನಿಲುವಂಗಿಯ ಜೇಬಿಗೆ ಹೋಯಿತು. ಅಬೂ ಸಖರ್ ಅವಳ ಕಡೆ ನೋಡಲೇ ಇಲ್ಲ. ಅವನ ಕಣ್ಣು ಮಗನ ಮೇಲಿತ್ತು. ಗಂಡ ಹೆಂಡಿರನ್ನು ಊರು ಅಬೂ ಸಖರ್, ಉಮ್ ಸಖರ್ ಎನ್ನುವುದು ಈ ಸಖರ್‌ನ ಹೆಸರಿನಿಂದಲೇ. ಕಾಲೇಜು ಓದುವ ಹುಡುಗ, ಹತ್ತೊಂಬತ್ತರ ಪ್ರಾಯ. ಅಪ್ಪ ನೋಡಿದ ಕೂಡಲೇ ತಪ್ಪು ಮಾಡಿರಲಿ ಬಿಡಲಿ ಕೆಂಪಾಗುವ ಜಾತಿ.

"ನಾನಲ್ಲಪ್ಪ" ಎಂದ, ಕೆಂಪಾದ. ಅಬೂ ಸಖರ್ ಹೂಂ ಎಂದು ಹೂಂಕರಿಸಿ ಸುಮ್ಮನಾದ. ಆ ಹೂಂಕಾರ ತಮಾಮ್‌ಳ ಎದೆಯಲ್ಲಿ ಉಳಿಯಿತು.

ಒಂದು ವಸ್ತುವನ್ನು ಮಾತ್ರ ಅವಳು ಬಿಸಾಡಿರಲಿಲ್ಲ. ಟ್ಯಾಂಕಿನ ಕೆಳಗಿನ ಇಟ್ಟಿಗೆಗಳ ಸಂದಿಯಲ್ಲಿ ತುಪ್ಪದ ಹಳೆಯ ಡಬ್ಬಿ, ಅದರೊಳಗೆ ಅರ್ಧ ಪೊಟ್ಟಣ, ಒಂದು ಬೆಂಕಿಪೊಟ್ಟಣ. ಕಸದಲ್ಲಿ ಹಾಕಿದರೆ ಯಾರಾದರೂ ಕಾಣುತ್ತಾರೆ ಎಂಬುದು ಅವಳು ತನಗೆ ಕೊಟ್ಟುಕೊಂಡ ಕಾರಣ. ನಿಜ ಕಾರಣ ಸಿಗರೇಟು ಬಿಟ್ಟ ಎಲ್ಲರಿಗೂ ಗೊತ್ತು. ಅದು ಅಲ್ಲಿ ಇದೆ ಎಂಬುದೇ ಒಂದು ಧೈರ್ಯ. ಸೇದುವುದಿಲ್ಲ, ಆದರೆ ಇದೆ.

ಮೂರನೇ ವಾರದ ಒಂದು ಸಂಜೆ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ಟ್ಯಾಂಕಿನ ತೇಲುಗುಂಡು ಸಿಕ್ಕಿಕೊಂಡಿರಬೇಕು, ನೋಡುತ್ತೇನೆ ಎಂದು ಅಬೂ ಸಖರ್ ಮಾಳಿಗೆ ಹತ್ತಿದ. ತಮಾಮ್ ಅಡುಗೆಮನೆಯಲ್ಲಿ ಬದನೆಕಾಯಿ ಹುರಿಯುತ್ತಿದ್ದಳು. ಅವನು ಮೆಟ್ಟಿಲು ಹತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಮೇಲಿನಿಂದ ಆ ಕೂಗು ಕೇಳಿದಾಗ.

"ಸಖರ್! ಬಾರೋ ಇಲ್ಲಿ!"

ಅವಳು ಒಲೆ ಆರಿಸುವುದನ್ನೂ ಮರೆತು ಓಡಿದಳು. ಮಾಳಿಗೆಯಲ್ಲಿ ಅಬೂ ಸಖರ್ ಒಂದು ಕೈಯಲ್ಲಿ ತುಪ್ಪದ ಡಬ್ಬಿ, ಇನ್ನೊಂದರಲ್ಲಿ ಅರ್ಧ ಪೊಟ್ಟಣ ಹಿಡಿದು ನಿಂತಿದ್ದ. ಮಗ ಎದುರಿಗೆ ನಿಂತು ನೆಲ ನೋಡುತ್ತಿದ್ದ.

"ನನ್ನದೇ ಬ್ರಾಂಡು" ಎಂದ ಅಬೂ ಸಖರ್. ಸಿಟ್ಟಿಗೆ ಅವನ ದನಿ ಗೊಗ್ಗರಾಗಿತ್ತು. "ನನ್ನ ಜೇಬಿಂದ ಕದ್ದು ನನ್ನ ತಲೆ ಮೇಲೇ ಕೂತು ಸೇದಿದ್ದೀಯ. ಅಪ್ಪ ಸಾಯ್ತಾ ಬಿದ್ದಿದ್ದಾನೆ, ಅಪ್ಪ ಆಣೆ ಹಾಕಿದ್ದಾನೆ, ಅದೂ ನಿಂಗೆ ಲೆಕ್ಕಕ್ಕಿಲ್ಲ. ನಿನ್ನ ಅಮ್ಮನ ಸಂಸಾರ ಈ ಕಡ್ಡಿ ತುದೀಲಿ ಇಟ್ಟಿದ್ದೀಯಲ್ಲೋ."

"ಆಣೆಗೂ ನಂದಲ್ಲಪ್ಪ. ನಾನು ಮುಟ್ಟೂ ಇಲ್ಲ."

"ಮತ್ಯಾರು ಸೇದಿದ್ದು? ಟ್ಯಾಂಕು ಸೇದ್ತಾ? ಎಂಬತ್ತು ವರ್ಷದ ನಿಮ್ಮಜ್ಜಿ ಹತ್ತಿ ಬಂದ್ಲಾ? ಗಮ್ಮು ತಿಂದೋನೂ ನೀನೇ. ನಾಳೆಯಿಂದ ಕಾಲೇಜು ಬಂದ್. ನಿನ್ನ ಚಿಕ್ಕಪ್ಪನ ಜೊತೆ ಮರುಭೂಮಿಗೆ ಹೋಗಿ ಕುರಿ ಕಾಯಿ."

ಹುಡುಗನ ಕಣ್ಣಲ್ಲಿ ನೀರು ನಿಂತಿತ್ತು. ತಮಾಮ್‌ಗೆ ಯೋಚಿಸಲು ಪುರುಸೊತ್ತೇ ಇರಲಿಲ್ಲ. ಇದ್ದಿದ್ದರೆ ಅವಳು ಹೇಳುತ್ತಿದ್ದಳೋ ಇಲ್ಲವೋ.

"ಅವನದಲ್ಲ. ನಂದು" ಎಂದಳು.

ಅಬೂ ಸಖರ್ ಅವಳನ್ನು ನೋಡಿದ. ನೋಡಿ, ನಂಬಿದರೆ ನಂಬಿ, ಅವನ ಮುಖ ಮೆತ್ತಗಾಯಿತು. ಮೂರು ವಾರದಲ್ಲಿ ಮೊದಲ ಸಲ ಹೆಂಡತಿಯ ಕಡೆ ಪ್ರೀತಿಯಿಂದ ನೋಡಿದ.

"ಹೆತ್ತವಳಿಗೆ ಹೆಗ್ಗಣ ಮುದ್ದು" ಎಂದ. "ನೀನು ಒಳ್ಳೆ ತಾಯಿ, ತಮಾಮ್. ಆದ್ರೆ ಈ ಸಲ ಅಡ್ಡ ಬರ್ಬೇಡ."

"ನಂದು ಅಂತ ಹೇಳ್ತಿದ್ದೀನಲ್ಲ. ನಾನು ಸೇದ್ತಿದ್ದೆ. ಇಲ್ಲೇ ಕೂತು."

"ಆಯ್ತು, ಆಯ್ತು. ಕೆಳಗೆ ಹೋಗು, ಏನೋ ಸೀದ ವಾಸನೆ ಬರ್ತಿದೆ."

"ಅಮ್ಮಾ, ನೀನ್ಯಾಕೆ ನಂಗೋಸ್ಕರ ಸುಳ್ಳು ಹೇಳ್ತೀಯ?" ಎಂದ ಮಗ, ಮೂಗೊರೆಸಿಕೊಳ್ಳುತ್ತ.

ಅವನೂ! ತಮಾಮ್‌ಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹದಿನೈದು ವರ್ಷ ಬಚ್ಚಿಟ್ಟ ಗುಟ್ಟನ್ನು ಕೈಯಾರೆ ಎತ್ತಿ ಕೊಟ್ಟರೆ ತೆಗೆದುಕೊಳ್ಳುವವರಿಲ್ಲ. ಸುಳ್ಳು ಹೇಳುತ್ತಿದ್ದಾಗ ಎಲ್ಲರೂ ನಂಬಿದ್ದರು.

"ನೀನಾ? ಸಿಗರೇಟಾ?" ಅಬೂ ಸಖರ್ ಈಗ ನಗುತ್ತಿದ್ದ. "ಹಿಡಿಯೋಕಾದ್ರೂ ಬರುತ್ತಾ ನಿಂಗೆ?"

ಅವಳು ಅವನ ಕೈಯಿಂದ ಪೊಟ್ಟಣ ಕಿತ್ತುಕೊಂಡಳು. ಒಂದನ್ನು ಎಳೆದು, ಹೆಬ್ಬೆರಳ ಉಗುರಿನ ಮೇಲೆ ಎರಡು ಸಲ ಕುಟ್ಟಿ, ತುಟಿಯ ಎಡಮೂಲೆಗೆ ಸಿಕ್ಕಿಸಿದಳು. ಡಬ್ಬಿಯಿಂದ ಬೆಂಕಿಪೊಟ್ಟಣ ತೆಗೆದಳು. ನಮ್ಮ ಮಾಳಿಗೆಗಳ ಮೇಲೆ ಸಂಜೆಗೆ ಮೃತ ಸಮುದ್ರದ ಕಡೆಯಿಂದ ಬೀಸುವ ಗಾಳಿ ಎಂಥದೆಂದರೆ, ನಲವತ್ತು ವರ್ಷ ಸೇದಿದ ಅಬೂ ಸಖರ್‌ಗೂ ಮೂರು ಕಡ್ಡಿ ಬೇಕು. ಅವಳು ಗಾಳಿಗೆ ಬೆನ್ನು ಕೊಟ್ಟು, ಭುಜ ಬಾಗಿಸಿ, ಕಡ್ಡಿ ಗೀರಿ ಅಂಗೈ ಗೂಡಿನೊಳಗೆ ಇಟ್ಟಳು. ಒಂದೇ ಕಡ್ಡಿ, ಉರಿ ಅಲುಗಲಿಲ್ಲ.

ಉರಿಗೂ ಸಿಗರೇಟಿಗೂ ಒಂದು ಬೆರಳಿನ ಅಂತರ. ತಂಬಾಕಿನ ವಾಸನೆ ನೇರ ಮಿದುಳಿಗೆ ಏರಿತು. ಅವಳಿಗೆ ಅದು ಬೇಕಿತ್ತು. ಮಗನಿಗಿಂತ, ಗಂಡನಿಗಿಂತ, ಆ ಹೊತ್ತಿನಲ್ಲಿ ಅದೊಂದೇ ಬೇಕಿತ್ತು. ಒಂದು ಎಳೆತ ಎಳೆದರೆ ಇವನು ನಂಬುತ್ತಾನೆ, ಮಗ ಉಳಿಯುತ್ತಾನೆ, ತಾನು ಬೀದಿಗೆ ಬೀಳುತ್ತೇನೆ. ಬಿದ್ದರೆ ಬೀಳಲಿ ಎಂದೂ ಅನ್ನಿಸಿತು.

"ಬೇಡ" ಎಂದ ಅಬೂ ಸಖರ್.

ಅವನ ನಗು ಹೋಗಿತ್ತು. ಅವನು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಕೈಯನ್ನು. ಸೇದುವವನಿಗೆ ಸೇದುವವರ ಕೈ ತಿಳಿಯುತ್ತದೆ. ತಮಾಮ್ ಅಲ್ಲಾಡಲಿಲ್ಲ. ಕಡ್ಡಿ ಉರಿದು ಉರಿದು ಬೆರಳಿಗೆ ತಾಗಿದ ಮೇಲೆ ಬಿಟ್ಟಳು. ಆಮೇಲೆ ಸಿಗರೇಟನ್ನು ತುಟಿಯಿಂದ ತೆಗೆದು ಪುಡಿಮಾಡಿ ಗಾಳಿಗೆ ತೂರಿದಳು.

"ಎಷ್ಟು ವರ್ಷ?" ಎಂದ ಅಬೂ ಸಖರ್.

"ಹದಿನೈದು."

"ಯಾರು ಕಲಿಸಿದ್ದು ನಿಂಗೆ?"

"ನೀವೇ. ಮನೆ ತುಂಬ ಜನ ಇರುವಾಗ 'ತಮಾಮ್, ಒಲೆಯಿಂದ ಒಂದು ಹೊತ್ತಿಸ್ಕೊಂಡು ಬಾ' ಅಂತ ಕೂಗ್ತಿದ್ದದ್ದು ಯಾರು? ಬಾಯಲ್ಲಿ ಎಳೀದೆ ಹೊತ್ತುತ್ತಾ ಅದು?"

ಅವನು ಡಬ್ಬಿಯನ್ನು ಕೆಳಗಿಟ್ಟ. ಆಮೇಲೆ ಅವನಿಗೆ ಇನ್ನೇನೋ ಹೊಳೆದು ಮುಖ ಬಿಳಿಚಿಕೊಂಡಿತು. "ಆಣೆ ಆದ್ಮೇಲೆ?" ಎಂದು ಪಿಸುಗುಟ್ಟಿದ. "ತಮಾಮ್, ಆಣೆ ಆದ್ಮೇಲೆ ಎಷ್ಟು?"

"ಒಂದೂ ಇಲ್ಲ."

"ಒಂದೂ..."

"ಒಂದೂ ಇಲ್ಲ! ನೀವು ಆ ಹಜಾರದಲ್ಲಿ ನಿಂತು ನನ್ನ ಕುತ್ತಿಗೆ ಮೇಲೆ ಆಣೆ ಹಾಕಿದ್ರಲ್ಲ, ಆ ಗಳಿಗೆಯಿಂದ ಒಂದೂ ಇಲ್ಲ. ನಿಮ್ಗೆ ಗಮ್ಮು ಕೊಟ್ರು, ನಂಗೆ ಲವಂಗ. ನಿಮ್ಗೆ ಎಂಟು ತಟ್ಟೆ ಕುನಾಫಾ ಬಂತು, ಆ ತಟ್ಟೆ ತೊಳೆದೋಳು ನಾನು. ನೀವು ಲೋಟ ಎಸೀತೀರಿ, ಪಾಪ, ಬಿಡ್ತಿದ್ದಾನೆ ಅಂತಾರೆ. ನಾನು ಹುಬ್ಬು ಗಂಟಿಕ್ಕಿದ್ರೆ ಮುಟ್ಟು ನಿಲ್ತಿದೆಯಾ ಅಂತಾರೆ. ನಂಗೂ ತಲೆ ಸಿಡೀತಿದೆ! ನಂಗೂ ನಿದ್ದೆ ಇಲ್ಲ! ನಿಮ್ಮಮ್ಮ ನಗು ಅಂತಾರೆ, ಎಲ್ಲಿಂದ ತರ್ಲಿ ನಗು? ಆ ಸೂರ್ಯಕಾಂತಿ ಸಿಪ್ಪೆ ಇನ್ನೊಂದು ಸಲ ನೆಲಕ್ಕೆ ಉಗುಳಿದ್ರೆ ನಿಮ್ಮ ಬಾಯಿಗೇ ತುಂಬ್ತೀನಿ. ಹದಿನೈದು ವರ್ಷ ಸೇದಿದ್ದು ತಪ್ಪು, ಒಪ್ಪಿದೆ. ಬಿಟ್ಟಿದ್ದು ಯಾರ ಲೆಕ್ಕಕ್ಕೆ? ಯಾರ ಲೆಕ್ಕಕ್ಕೂ ಇಲ್ವಾ ಅದು?"

ಅವಳು ನಿಲ್ಲಲಿಲ್ಲ. ಮೂರು ವಾರ ಹಲ್ಲು ಕಚ್ಚಿ ನುಂಗಿದ್ದೆಲ್ಲ ಹೊರಬಂತು. ಚಹಾ, ಮೊಸರು, ಬಾಗಿಲಿಗೆ ಹಾಕಿದ ಎಣ್ಣೆ, ಸ್ನಾನದ ಮನೆ, ಸಹಾಯವಾಣಿಯ ಜೇನುದನಿ, ಒಂದನ್ನೂ ಬಿಡಲಿಲ್ಲ. ಅಬೂ ಸಖರ್ ಮೊದಮೊದಲು "ಮೆತ್ತಗೆ, ಮೆತ್ತಗೆ" ಎನ್ನುತ್ತಿದ್ದ. ಆಮೇಲೆ ಅದನ್ನೂ ಬಿಟ್ಟು, ಬೋರಲು ಬಕೆಟ್ಟಿನ ಮೇಲೆ ಕೂತು ತಲೆ ತಗ್ಗಿಸಿ ಕೇಳಿಸಿಕೊಂಡ. ಕೆಳಗೆ ಬದನೆಕಾಯಿ ಕರಿಕಲಾಗುತ್ತಿತ್ತು. ಯಾರೂ ಇಳಿಯಲಿಲ್ಲ.

ಗೋಡೆಯಾಚೆಯಿಂದ ಉಮ್ ರಾಕಾನ್‌ಳ ದನಿ ಬಂತು. "ಏನಾಯ್ತು ಉಮ್ ಸಖರ್? ಎಲ್ಲ ಕ್ಷೇಮ ತಾನೆ?"

ತಮಾಮ್‌ಳ ಬಾಯಿ ತಟ್ಟನೆ ಮುಚ್ಚಿತು. ಇಂಥ ಪ್ರಶ್ನೆಗೆ ನಮ್ಮಲ್ಲಿ ಇರುವುದು ಒಂದೇ ಉತ್ತರ: ಏನಿಲ್ಲ, ಕ್ಷೇಮ. ಹೇಳಬೇಕು, ಆದರೆ ದನಿಯೇ ಏಳಲಿಲ್ಲ. ಅಬೂ ಸಖರ್ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳ ಬೆರಳ ತುದಿಯಲ್ಲಿ ಕಡ್ಡಿ ಸುಟ್ಟ ಜಾಗ ಕೆಂಪಗಿತ್ತು. ಅವನು ಎದ್ದು ನಿಂತ.

"ಕ್ಷೇಮಾನೇ, ಉಮ್ ರಾಕಾನ್" ಎಂದ, ಓಣಿಗೇ ಕೇಳುವ ಹಾಗೆ, ಸೈನ್ಯದ ದನಿಯಲ್ಲಿ. "ನನ್ನ ಹೆಂಡ್ತಿ ಸಿಗರೇಟು ಬಿಟ್ಟಿದ್ದಾಳೆ. ನನ್ನ ಜೊತೆಗೇ, ಅದೇ ದಿನ. ಯಾರ ಸಹಾಯಾನೂ ಇಲ್ದೆ. ಅವಳಿಗೆ ಮುಬಾರಕ್ ಹೇಳು."

ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಅವನಿಗೇ ಕೇಳಿಸಿತೆಂದು ಕಾಣುತ್ತದೆ. ಅವನ ಕಿವಿ ಕೆಂಪಾಯಿತು. ಮಗ ಆಕಾಶ ನೋಡಿದ. ತಮಾಮ್‌ಗೆ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಹಾರಿಬಿಡೋಣ ಎನ್ನಿಸಿತು. ಆದರೂ, ದೇವರಾಣೆ, ಹೆಗಲ ಮೇಲಿನ ಮಣಭಾರ ಯಾರೋ ಇಳಿಸಿದ ಹಾಗೂ ಆಯಿತು.

ಗೋಡೆಯಾಚೆ ಸದ್ದಿಲ್ಲ. ಓಣಿಯ ಬಾಯಿ ಎಂದು ಹೆಸರಾದ ಉಮ್ ರಾಕಾನ್‌ಗೆ ಮಾತು ಹೊರಡಲಿಲ್ಲ. ಅಬೂ ಸಖರ್ ಕಾದು ಕಾದು, ಮಗನ ಭುಜ ಹಿಡಿದು ಮೆಟ್ಟಿಲ ಕಡೆ ನಡೆದ. ಹೋಗುತ್ತ, ಅವಳ ಮುಖ ನೋಡದೆ, "ಒಲೆ ನಾನು ಆರಿಸ್ತೀನಿ" ಎಂದ.

ಅವರ ಹೆಜ್ಜೆ ಸದ್ದು ಕೆಳಗಿಳಿದ ಮೇಲೆ ಗೋಡೆಗೆ ತೀರಾ ಹತ್ತಿರದಿಂದ ದನಿ ಬಂತು, ಈ ಸಲ ಪಿಸುಮಾತು.

"ಗಂಡಸ್ರು ಹೋದ್ರಾ?"

"ಹೋದ್ರು."

"ನಿಜವಾಗ್ಲೂ ಬಿಟ್ಯಾ?"

"ಬಿಟ್ಟೆ."

"ಮೊದಲ್ನೇ ವಾರ ಹೆಂಗೆ ತಡ್ಕೊಂಡೆ, ತಂಗಿ?" ಎಂದಳು ಉಮ್ ರಾಕಾನ್. "ನಾನು ನಾಲ್ಕು ಸಲ ಬಿಟ್ಟು ನೋಡ್ದೆ. ಎರಡು ದಿನದ ಮೇಲೆ ಆಗ್ತಿಲ್ಲ ನಂಗೆ."

ತಮಾಮ್ ಗೋಡೆಯನ್ನೇ ನೋಡುತ್ತ ನಿಂತಳು. ಈ ಗೋಡೆಯ ಆಚೆ, ಎಷ್ಟು ವರ್ಷದಿಂದಲೋ ಏನೋ. ಅವಳು ಬಕೆಟ್ಟನ್ನು ಕಾಲಿನಿಂದ ಗೋಡೆಯ ಬುಡಕ್ಕೆ ತಳ್ಳಿ ಅದರ ಮೇಲೆ ಕೂತಳು.

"ಕೂತ್ಕೋ, ಹೇಳ್ತೀನಿ" ಎಂದಳು. "ಮೊದಲ್ನೇ ವಾರ ಯಾರ್ನಾದ್ರೂ ಬಯ್ಲೇಬೇಕು. ಬಯ್ಯೋಕೆ ಯಾರಿದ್ದಾರೆ ನಿಂಗೆ?"